ಎರಡು ಸುತ್ತಿನ ವಾಯರು

ನಾನು ಒಂದು ಕ್ಲ್ಯಾಂಪ್ ಮೀಟರ್. ಹೆಸರು ಕೇಳಿ ಗಾಬರಿಯಾಗಬೇಡಿ. ಏಡಿಯ ಕೊಂಡಿಯಂಥ ಬಾಯಿ, ಹೊಟ್ಟೆಯ ಮೇಲೊಂದು ಪುಟ್ಟ ಪರದೆ, ಇಷ್ಟೇ ನಾನು. ಕರೆಂಟು ಹರಿಯುವ ವಾಯರನ್ನು ನನ್ನ ಬಾಯೊಳಗೆ ಇಟ್ಟರೆ, ಅದರಲ್ಲಿ ಎಷ್ಟು ಆಂಪಿಯರ್ ಹೋಗುತ್ತಿದೆಯೆಂದು ಹೇಳುತ್ತೇನೆ. ಒಂದೇ ವಾಯರು ಇಡಬೇಕು. ಹೋಗುವುದು, ಬರುವುದು ಎರಡನ್ನೂ ಒಟ್ಟಿಗೆ ತುರುಕಿದರೆ ಸೊನ್ನೆ ಎನ್ನುತ್ತೇನೆ. ಹಾಗೆ ತುರುಕಿ ನನ್ನನ್ನೇ ಬೈದವರು ಎಷ್ಟೋ ಜನ.

ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಒಬ್ಬ ಹೆಂಗಸು ನನ್ನನ್ನು ಹತ್ತು ಸಲ ಪರೀಕ್ಷಿಸಿ, ಹತ್ತು ಸಲವೂ ನಾನು ಸರಿ ಹೇಳಿದ ಮೇಲೆ ಬೆನ್ನಿಗೆ ಚೀಟಿ ಅಂಟಿಸಿದಳು. ನನ್ನ ಜಂಬ ಶುರುವಾದದ್ದು ಅಲ್ಲಿಂದ. ಮೊದಲ ಯಜಮಾನ ಒಬ್ಬ ಸಕ್ಕರೆ ಕಾರ್ಖಾನೆಯ ಇಂಜಿನಿಯರು. ಅವರು ನಿವೃತ್ತರಾಗುವಾಗ, ತಮ್ಮ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿ ರಿವೈಂಡಿಂಗ್ ಮಾಡಿಕೊಡುತ್ತಿದ್ದ ಜಮಖಂಡಿಯ ಮಹಾನಿಂಗಪ್ಪನವರ ಕೈಗೆ ನನ್ನನ್ನು ಕೊಟ್ಟು ಹೋದರು.

ಮಹಾನಿಂಗಪ್ಪ ಕಾಗದ ಪೆನ್ನು ಮುಟ್ಟುತ್ತಿರಲಿಲ್ಲ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಗುಣಿಸಿದರೆ ವ್ಯಾಟ್. ಎಲ್ಲ ಬಾಯಿಲೆಕ್ಕ. ಕಾಯಿಲಿನ, ಅಂದರೆ ಸುತ್ತಿದ ತಂತಿಯ, ರೆಸಿಸ್ಟೆನ್ಸನ್ನು ನೇರವಾಗಿ ಅಳೆಯಲು ನನ್ನಲ್ಲೇ ಇನ್ನೊಂದು ಜೋಡಿ ವಾಯರಿತ್ತು. ಅದು ಹರಿದಾಗ ಅವರು ಹೊಸದು ತರಲೇ ಇಲ್ಲ. "ತಣ್ಣಗಿದ್ದಾಗ ಕೇಳಿದ್ರ ಕಾಯಿಲ್ ಖರೇ ಹೇಳಂಗಿಲ್ಲ. ಕಾದ ಮ್ಯಾಲೆ ಕೇಳಬೇಕು," ಎನ್ನುತ್ತಿದ್ದರು.

ಕರೆಂಟು ತೀರಾ ಕಡಿಮೆಯಿದ್ದರೆ ನನಗೆ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೆ ಅವರದೊಂದು ಉಪಾಯವಿತ್ತು. ಒಂದು ಎಕ್ಸ್‌ಟೆನ್ಷನ್ ಕಾರ್ಡಿನ ಒಂದು ವಾಯರನ್ನು ಹೊರಗೆಳೆದು, ಎರಡು ಸುತ್ತು ಸುತ್ತಿ ಟೇಪು ಹಾಕಿದ್ದರು. ಆ ಎರಡೂ ಸುತ್ತು ಬಾಯೊಳಗೆ ಬಂದರೆ ನಾನು ಇಮ್ಮಡಿ ಹೇಳುತ್ತೇನೆ. ಅವರು ಅದನ್ನು ಮನಸ್ಸಿನಲ್ಲೇ ಅರ್ಧ ಮಾಡಿಕೊಳ್ಳುತ್ತಿದ್ದರು. ಹನ್ನೊಂದು ವರ್ಷ ಒಮ್ಮೆಯೂ ತಪ್ಪಲಿಲ್ಲ.

ಆಮೇಲೆ ಆ ಮಾಘದ ಚಳಿ ಬಂತು. ಊರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸೊಂದಿತ್ತು, ತೂಕ ಒಂದು ಕಿಲೋ ನಾನೂರು ಗ್ರಾಂ. ಅದನ್ನು ಬೆಚ್ಚಗಿಡುವ ವಾರ್ಮರಿನ ಕಾಯಿಲು ಸುಟ್ಟುಹೋಯಿತು. ಹೊಸದು ಬರಲು ನಾಲ್ಕು ದಿನ ಬೇಕು ಎಂದರಂತೆ ಕಂಪನಿಯವರು. ಡಾಕ್ಟರು ಮಹಾನಿಂಗಪ್ಪನವರನ್ನು ಕರೆಸಿದರು. ಯಂತ್ರದ ಮೇಲೆ ಆರುನೂರು ವ್ಯಾಟ್ ಎಂದು ಬರೆದಿತ್ತು. ಅವರು ಕೂತಲ್ಲೇ ಹೊಸ ಕಾಯಿಲು ಸುತ್ತಿದರು. ಅವಸರದಲ್ಲಿ ಕೈಗೆ ಸಿಕ್ಕಿದ್ದು ಬೇಕಾದದ್ದಕ್ಕಿಂತ ಸಣ್ಣ ತಂತಿ. ಅಳೆಯಲು ಚೀಲದಲ್ಲಿದ್ದದ್ದು ಎರಡು ಸುತ್ತಿನ ಆ ಕಾರ್ಡು ಮಾತ್ರ.

ನಾನು ಎರಡು ಪಾಯಿಂಟ್ ಆರು ಎಂದೆ.

"ಇನ್ನೂರಾ ಮೂವತ್ತ ವೋಲ್ಟ್, ಎರಡ ಪಾಯಿಂಟ್ ಆರು. ಆರನೂರಕ್ಕ ಎರಡ ಕಮ್ಮಿ. ಬರೋಬ್ಬರಿ ಐತಿ," ಎಂದು ಅವರು ಎದ್ದರು. ಅರ್ಧ ಮಾಡಲಿಲ್ಲ. ಬೇಕಾದ ಸಂಖ್ಯೆಯೇ ಎದುರಿಗೆ ಬಂದು ನಿಂತರೆ ಅದನ್ನು ಭಾಗಿಸಲು ಯಾರಿಗೂ ನೆನಪಾಗುವುದಿಲ್ಲ. ನನಗೆ ಗೊತ್ತಿತ್ತು. ಆದರೆ ಸಂಖ್ಯೆ ಬಿಟ್ಟು ಬೇರೆ ಮಾತು ನನಗೆ ಬರುವುದಿಲ್ಲ.

ಮರುದಿನ ಮಧ್ಯಾಹ್ನ ನರ್ಸ್ ಮಂದಾಕಿನಿ ಅಂಗಡಿಗೇ ಬಂದರು. "ಕಾಕಾ, ಕೂಸಿನ ಅಂಗಾಲ ತಣ್ಣಗ ಅದಾವ."

"ಆರನೂರ ವ್ಯಾಟ್ ಐತಿ ಸಿಸ್ಟರ್. ಮೀಟರ್ ಸುಳ್ಳ ಹೇಳಂಗಿಲ್ಲ. ಕಿಡಕಿ ಮುಚ್ಚರಿ."

ನನ್ನ ಹೆಸರು ಹೇಳಿ ಆ ತಾಯಿಯಂಥ ಹೆಂಗಸನ್ನು ಸುಮ್ಮನಾಗಿಸಿದರಲ್ಲ, ಆ ಸಂಕಟ ಇಂದಿಗೂ ಹೋಗಿಲ್ಲ. ಅವರು ಹೋಗಿ ಕಿಟಕಿ ಮುಚ್ಚಿದರು, ಹೊದಿಕೆ ಹಾಕಿದರು. ಅದರ ಮರುದಿನ ಕೂಸು ಹಾಲು ಎಳೆಯುವುದನ್ನೂ ಬಿಟ್ಟಿತು. ಮಂದಾಕಿನಿ ಅದನ್ನು ಎತ್ತಿ ತಾಯಿಯ ಬರಿ ಎದೆಗೆ ಕಟ್ಟಿ, ಮಹಾನಿಂಗಪ್ಪನವರಿಗೆ ಫೋನು ಮಾಡಿದರು. "ನನ್ನ ಮುಂದ ಇನ್ನೊಮ್ಮೆ ಅಳೀರಿ."

ಅವರು ನನ್ನನ್ನು ಹಿಡಿದು ಆಸ್ಪತ್ರೆಗೆ ಬಂದರು. ಮತ್ತೆ ಅದೇ ಕಾರ್ಡು. ಮತ್ತೆ ಎರಡು ಪಾಯಿಂಟ್ ಆರು. "ನೋಡ್ರಿ ನೀವ," ಎಂದು ಅವರು ನನ್ನನ್ನು ಸಿಸ್ಟರ್ ಕಡೆಗೆ ತಿರುಗಿಸಿದರು. ಮಂದಾಕಿನಿ ನನ್ನ ಮುಖ ನೋಡಲಿಲ್ಲ. ಬಾಯಿ ನೋಡಿದರು.

"ಇದನ್ನ ಎರಡ ಸುತ್ತ ಯಾಕ ಸುತ್ತೀರಿ, ಕಾಕಾ?"

"ಅದೇನಿಲ್ರಿ, ಸಣ್ಣ ಕರೆಂಟ್ ಇದ್ದಾಗ..." ಅವರು ಟೇಪು ಕಿತ್ತು ಒಂದು ಸುತ್ತನ್ನು ಹೊರಗೆಳೆದರು. ನಾನು ಒಂದು ಪಾಯಿಂಟ್ ಮೂರು ಎಂದೆ. ಮುನ್ನೂರು ವ್ಯಾಟ್. ಸಣ್ಣ ತಂತಿಯ ರೆಸಿಸ್ಟೆನ್ಸ್ ಇರಬೇಕಾದದ್ದಕ್ಕಿಂತ ಇಮ್ಮಡಿ, ಅದಕ್ಕೇ ಕರೆಂಟು ಅರ್ಧ.

"ತಪ್ಪ ನಂದ ಸಿಸ್ಟರ್. ಅರ್ಧಾ ಕಾವಿನಾಗ ಇಟ್ಟೇನಿ ಕೂಸಿನ್ನ."

ಸಂಜೆಯೊಳಗೆ ದಪ್ಪ ತಂತಿಯ ಕಾಯಿಲು ಸುತ್ತಿ ಕೂರಿಸಿದರು. ಅಳೆದ ಮೇಲೂ ಎದ್ದು ಹೋಗದೆ, ಅಂಗೈಯನ್ನು ಅದರ ಕೆಳಗೆ ಹಿಡಿದು ಬಹಳ ಹೊತ್ತು ನಿಂತರು. ಕೂಸಿನ ತೂಕ ಮಾತ್ರ ಇಳಿಯುತ್ತಲೇ ಇತ್ತು. ದಿನಾ ಬೆಳಿಗ್ಗೆ ನಾನಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅವರು ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಒಳಗೆ ಹೋಗುವ ಧೈರ್ಯವಿರಲಿಲ್ಲ. ಆ ತಾಯಿಯ ಮುಖ ಹೇಗೆ ನೋಡುವುದು? ಸಿಸ್ಟರ್ ಕಂಡರೆ ಒಂದೇ ಪ್ರಶ್ನೆ. "ತೂಕ ಎಷ್ಟಾತ್ರಿ?" ಸಾವಿರದ ಮುನ್ನೂರಕ್ಕೆ ಇಳಿದ ದಿನ ಅವರು ಅಂಗಡಿ ತೆರೆಯಲಿಲ್ಲ.

ಎಂಟನೆಯ ದಿನ ಮಂದಾಕಿನಿ ತಾವೇ ಹೊರಗೆ ಬಂದರು. "ಇಪ್ಪತ್ತ ಗ್ರಾಂ ಏರೇತಿ, ಕಾಕಾ."

"ಇನ್ನೊಮ್ಮೆ ತೂಗ್ರಿ ಸಿಸ್ಟರ್. ನಾ ಇಲ್ಲೇ ನಿಂತಿರ್ತೀನಿ."

ಅವರು ನಗಲಿಲ್ಲ. ಒಳಗೆ ಹೋಗಿ ಮತ್ತೆ ತೂಗಿ ಬಂದು ಅದೇ ಸಂಖ್ಯೆ ಹೇಳಿದರು. ಮಹಾನಿಂಗಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡರು.

ಆ ಕಾರ್ಡನ್ನು ಅವರು ಅಂದೇ ತುಂಡು ಮಾಡಿ ಎಸೆದರು. ನನ್ನ ಕುತ್ತಿಗೆಗೆ "ಎಷ್ಟು ಸುತ್ತು?" ಎಂದು ಬರೆದ ರಟ್ಟಿನ ಚೂರು ಕಟ್ಟಿದರು. ಮೀಟರ್ ಸುಳ್ಳು ಹೇಳುವುದಿಲ್ಲ ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ಈಗ ನನ್ನ ಬಾಯಿಯ ಸ್ಪ್ರಿಂಗ್ ಸಡಿಲಾಗಿದೆ, ಅವರ ಕೈ ನಡುಗುತ್ತದೆ. ಅಂಗಡಿಯನ್ನು ಅವರ ಮಗಳು ನೀಲಾಂಬಿಕಾ ನೋಡಿಕೊಳ್ಳುತ್ತಾಳೆ, ಅವಳಿಗೆ ಹೊಸ ಮೀಟರಿದೆ. ನಾನು ಸ್ಕ್ರೂಗಳ ಜೊತೆ ಡ್ರಾಯರಿನಲ್ಲಿದ್ದೇನೆ. ಬೆನ್ನಿನ ಚೀಟಿ ಇನ್ನೂ ಇದೆ, ಹತ್ತಕ್ಕೆ ಹತ್ತು ಸರಿ. ಹೌದು, ನಾನು ಸುಳ್ಳು ಹೇಳಿರಲಿಲ್ಲ. ಆದರೆ ನನ್ನ ಮಾತು ನಂಬಿ ಎರಡು ದಿನ ಒಂದು ಕೂಸನ್ನು ಚಳಿಯಲ್ಲಿ ಮಲಗಿಸಿದ್ದರು.