ಸ್ವಲ್ಪ ಕೂತು ಹೋಗು

"ಸಾಲವೇ ನನ್ನ ಅಕ್ಕನನ್ನು ತಿಂದದ್ದು, ಬೇರೆ ಎಂತದೂ ಅಲ್ಲ," ಎಂದ ದೇವದಾಸ್, ಬಿದಿರಿಗೆ ಹಗ್ಗ ಬಿಗಿಯುತ್ತ. ಐರೋಲಿಯ ಹೋಟೆಲಿನಿಂದ ಸಪ್ಲೈಯರ್ ಅಂಗಿಯಲ್ಲೇ ಓಡಿಬಂದಿದ್ದ.

"ತಿಂದಿಲ್ಲೋ ತಮ್ಮಾ, ಉಣ್ಣಾಕ ಹಾಕೇತಿ," ಮರಗಮ್ಮ ಬಿಡಲಿಲ್ಲ. ಸತ್ತ ವಿನೋದಾಳ ಸಾಲದ ಗುಂಪಿನವಳು ಅವಳು. "ಗಂಡ ಸತ್ತಾಗ ನೀ ಎಷ್ಟ್ ದಿನಾ ಸಾಕಿದ್ದಿ? ಆ ಸಾಲದಾಗ ಗ್ರೈಂಡರ್ ಬಂತು, ಅಂಗಡಿ ಆತು, ಮಗಳು ಕಾಲೇಜು ಕಲಿತು ನೌಕರಿ ಹಿಡದಳು."

ದೇವದಾಸ್ ಹಗ್ಗವನ್ನು ಇನ್ನಷ್ಟು ಬಿಗಿದ.

ಚಟ್ಟ ಕಟ್ಟುತ್ತಿದ್ದುದು ರಬಾಳೆಯ ಸಾಲುಮನೆಗಳ ಚಾಳಿನಲ್ಲಿ, ವಿನೋದಾಳ ಇಡ್ಲಿ-ದೋಸೆ ಹಿಟ್ಟಿನ ಅಂಗಡಿಯ ಎದುರಿಗೇ. ಶಟರ್ ಅರ್ಧ ಇಳಿದಿತ್ತು. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಆಕೆಯನ್ನು ಮಲಗಿಸಿದ್ದರು. ಅದೇ ಗುಂಪಿನ ಹರಿಣಾಕ್ಷಿ ಹೊಸ್ತಿಲಲ್ಲೇ ನಿಂತಿದ್ದಳು. ಒಳಗೆ ಮಗಳು ಪ್ರೇಕ್ಷಾ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು: "ಕಲ್ ಮಮ್ಮಿ ಕೋ ಕಿಸ್ನೆ ದೇಖಾ? ಕುಛ್ ಬೋಲಿ ಕ್ಯಾ?" ಬೇಲಾಪುರದ ಆಫೀಸಿನಿಂದ ಅವಳು ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಅಮ್ಮನನ್ನು ಕೊನೆಗೆ ಕಂಡವರು ಯಾರು, ಏನಾದರೂ ಹೇಳಿದಳೇ, ಅಷ್ಟು ತಿಳಿದರೆ ಸಾಕಿತ್ತು ಆ ಹುಡುಗಿಗೆ.

ಕಂಡವಳು ಹರಿಣಾಕ್ಷಿಯೇ.

*

ಎರಡು ಸಾವಿರದ ಆರರ ಮಳೆಗಾಲ ಮುಗಿದಾಗ ಚಾಳಿಗೆ ಸಾಲದ ಸಂಸ್ಥೆಯವರು ಬಂದಿದ್ದರು. ಒಡವೆ ಬೇಡ, ಕಾಗದಪತ್ರ ಬೇಡ. ಐದು ಹೆಂಗಸರು ಒಬ್ಬರಿಗೊಬ್ಬರು ಜಾಮೀನು ನಿಂತರಾಯಿತು. ಹರಿಣಾಕ್ಷಿ ಹೆದರಿ ಎದ್ದು ಹೊರಟವಳು. ವಿನೋದಾ ಸೆರಗು ಹಿಡಿದು ಎಳೆದಳು.

"ನೀನು ಹೊಲಿಗೆ ಕಲಿತದ್ದು ಎಂತಕ್ಕೆ, ನನ್ನ ಬಾಯಿ ಹೊಲಿಯಲಿಕ್ಕಾ? ನಾನಿದ್ದೇನಲ್ಲ ಮಾರಾಯ್ತಿ. ಕೂತ್ಕೊ."

ಹರಿಣಾಕ್ಷಿ ಕೂತಳು. ಹಾಗೆ ಕೂತದ್ದರಿಂದಲೇ ಇವತ್ತು ಅವಳಿಗೊಂದು ಸೀರೆ ಫಾಲ್-ಪಿಕೋ ಹೊಲಿಯುವ ಅಂಗಡಿ.

ಪ್ರತಿ ಮಂಗಳವಾರ ಸಂಸ್ಥೆಯ ಸಾರ್ ಕಂತು ವಸೂಲಿಗೆ ಬರುವಾಗ ಮರಗಮ್ಮನ ಜಗಲಿಯಲ್ಲಿ ಚಾಪೆ ಹಾಸುತ್ತಿದ್ದರು. ಐವರ ಕಂತೂ ಬೀಳುವವರೆಗೆ ಚಾಪೆಯಿಂದ ಯಾರೂ ಏಳುವಂತಿಲ್ಲ. "ನನ್ನ ಮದುವೆಯಲ್ಲೂ ಇಷ್ಟು ಹೊತ್ತು ಕೂತಿರಲಿಲ್ಲ," ಎಂದು ವಿನೋದಾ ನಗಿಸುತ್ತಿದ್ದಳು. ಬಾರದವಳ ಮನೆಗೆ ಒಬ್ಬಳು ಓಡಿಹೋಗಿ ಕಂತು ತರುವುದು ರೂಢಿಯಾಗಿಬಿಟ್ಟಿತ್ತು.

*

ನಿನ್ನೆ ಮಂಗಳವಾರ ವಿನೋದಾ ಚಾಪೆಗೆ ಬಂದಿರಲಿಲ್ಲ. ಓಡಿದವಳು ಹರಿಣಾಕ್ಷಿ.

ವಿನೋದಾ ಅರೆದ ಹಿಟ್ಟನ್ನು ದೊಡ್ಡ ಪಾತ್ರೆಗೆ ತುಂಬಿ ಮುಚ್ಚಳ ಹಾಕುತ್ತಿದ್ದಳು. ಫ್ಯಾನು ತಿರುಗುತ್ತಿದ್ದರೂ ಮುಖವೆಲ್ಲ ಬೆವರು.

"ಬೆನ್ನು ಹಿಡಿದ ಹಾಗೆ ಆಗ್ತಾ ಉಂಟು ಹರಿಣಾ. ಸ್ವಲ್ಪ ಕೂತು ಹೋಗು."

"ಕೂತ್ರೆ ಆಗ್ತದಾ ಅಕ್ಕಾ? ಅಲ್ಲಿ ಎಲ್ಲರೂ ಕಟ್ಟಿಹಾಕಿದ ಹಾಗೆ ಕೂತಿದ್ದಾರೆ, ಸಾರ್ ಗಡಿಯಾರ ನೋಡ್ತಿದ್ದಾರೆ. ಮೊದಲು ಕಂತು ಕೊಡಿ."

ವಿನೋದಾ ನಕ್ಕಳು. ಸೆರಗಿಗೆ ಕೈ ಒರೆಸಿಕೊಂಡು ಗಲ್ಲಾಪೆಟ್ಟಿಗೆಯಿಂದ ತೆಗೆದುಕೊಟ್ಟಳು. ಹರಿಣಾಕ್ಷಿ ಚಪ್ಪಲಿಯನ್ನೂ ಬಿಚ್ಚಿರಲಿಲ್ಲ.

ಚಾಪೆ ಎದ್ದ ಮೇಲೆ ಹೋಗಿ ನೋಡಬಹುದಿತ್ತು. ಅಂಗಡಿಯಲ್ಲಿ ಯಾರದೋ ಸೀರೆಗೆ ಅರ್ಜೆಂಟಿತ್ತು. ಸಂಜೆ ವಿನೋದಾ ಹೋದಳೆಂದು ಮರಗಮ್ಮ ಕೂಗಿದ್ದು ಕೇಳಿದಾಗಲೂ ಅವಳು ಮಿಶಿನ್ನಿನ ಮುಂದೆಯೇ ಇದ್ದಳು.

*

"ಆಂಟಿ, ಆಪ್ನೆ ದೇಖಾ ಕ್ಯಾ?"

ಪ್ರೇಕ್ಷಾಳ ಕಣ್ಣು ಕೊನೆಗೂ ಹೊಸ್ತಿಲಿಗೆ ಬಂದಿತ್ತು. ಇಲ್ಲ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು.

"ನಾನೇ ನೋಡಿದ್ದು ಮಗಾ. ಕಂತಿಗೆ ಬಂದಿದ್ದೆ."

"ಕುಛ್ ಬೋಲಿ?"

"ಬೆನ್ನು ಹಿಡಿದಿದೆ, ಸ್ವಲ್ಪ ಕೂತು ಹೋಗು ಅಂದ್ರು."

"ಫಿರ್? ಆಪ್ ಬೈಠೆ?"

"ಇಲ್ಲ, ಕೂರಲಿಲ್ಲ."

ಪ್ರೇಕ್ಷಾ ಅಮ್ಮನ ಕಡೆ ತಿರುಗಿ ಕೂತಳು.

ಹರಿಣಾಕ್ಷಿ ಚಪ್ಪಲಿ ಬಿಚ್ಚಿ ಒಳಗೆ ಬಂದು ವಿನೋದಾಳ ಪಕ್ಕದಲ್ಲಿ ಕೂತಳು. ಆ ಕೈಯ ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿತ್ತು. ಹೊರಗೆ ಶವ ಒಯ್ಯುವ ಗಾಡಿಯ ಹಾರ್ನ್ ಕೇಳಿಸಿತು.

"ಗಾಡಿ ಬಂತು. ಏಳಿ ಹರಿಣಕ್ಕಾ, ಎತ್ತಬೇಕು," ಎಂದು ದೇವದಾಸ್ ಬಗ್ಗಿ ಒಳಗೆ ಬಂದ.

ಹರಿಣಾಕ್ಷಿ ಏಳಲಿಲ್ಲ. ಮರಗಮ್ಮ ಬಂದು ಅವಳ ಮಗ್ಗುಲಲ್ಲಿ ಕೂತಳು. ಬಾಗಿಲಲ್ಲಿದ್ದ ಗುಂಪಿನ ಉಳಿದಿಬ್ಬರೂ ಚಪ್ಪಲಿ ಬಿಚ್ಚಿದರು.

"ಒಂದು ಗಳಿಗೆ ತಡೀರಿ ದೇವದಾಸಣ್ಣ," ಎಂದಳು ಹರಿಣಾಕ್ಷಿ.

ಅರ್ಧ ಇಳಿದ ಶಟರಿನ ಈಚೆ, ಅಂಗಡಿಯಲ್ಲಿ, ಎಂತದೋ ಠಣ್ಣೆಂದು ಬಿತ್ತು. ಪಾತ್ರೆಯ ಮುಚ್ಚಳ. ರಾತ್ರಿಯೆಲ್ಲ ಉಬ್ಬಿದ ಹಿಟ್ಟು ಅಂಚು ದಾಟಿ ಮೆಲ್ಲಗೆ ನೆಲಕ್ಕೆ ಇಳಿಯತೊಡಗಿತ್ತು.