ಆರದ ಹಳದಿ ದೀಪ

ರೈಲ್ವೆ ಸ್ಟೇಷನ್ನಿನಿಂದ ಯಾತ್ರಿಕರನ್ನು ಕರೆತಂದು ಲಾಡ್ಜಿನ ಮುಂದೆ ಕಾರು ನಿಲ್ಲಿಸಿದ್ದೆ, ಅಷ್ಟೇ. ಕುಮಾರ್ ಕಿಟಕಿಯೊಳಗೆ ಕೈ ತೂರಿಸಿ ಕೀ ಕಿತ್ತುಕೊಂಡ.

"ಇಳೀಲಾ ಕೆಳಕ್ಕೆ."

ಕುಮಾರ್ ನಮ್ಮ ಓನರ್ ಜಯಲಕ್ಷ್ಮಮ್ಮನವರ ತಮ್ಮ. ಶ್ರವಣಬೆಳಗೊಳದ ಆ ಲಾಡ್ಜು, ಈ ಕಾರು ಎರಡೂ ಅಮ್ಮಾವ್ರದ್ದು. ಗದರುವ ಗಂಟಲು ಮಾತ್ರ ಇವನದು. ನಾನು ಮನೋಹರ, ಎರಡು ವರ್ಷದಿಂದ ಇಲ್ಲಿ ಡ್ರೈವರ್. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಸ್ಟೇರಿಂಗ್ ಬಿಟ್ಟರೆ ಬೇರೆ ವಿದ್ಯೆ ಇಲ್ಲ.

ಮೂರು ದಿನದಿಂದ ಮೀಟರ್ ಬೋರ್ಡಿನಲ್ಲಿ ಎಬಿಎಸ್ ಅನ್ನುವ ಹಳದಿ ದೀಪ ಉರಿಯುತ್ತಿತ್ತು. ಕೀ ತಿರುಗಿಸಿದಾಗ ಎಲ್ಲ ದೀಪಗಳೂ ಒಮ್ಮೆ ಹೊತ್ತಿ ಆರುತ್ತವೆ, ಇದೊಂದು ಆರುತ್ತಿರಲಿಲ್ಲ. ಬ್ರೇಕು ಹಿಡಿಯುತ್ತಿತ್ತು, ನಿಜ. ಆದರೆ ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದರೆ ಚಕ್ರ ಜಾಮ್ ಆಗಿ ಗಾಡಿ ಜಾರಬಹುದು. ಮೊದಲ ದಿನವೇ ಅಮ್ಮಾವ್ರಿಗೆ ಹೇಳಿದ್ದೆ. ಹೇಳಿದ್ದೇ ತಪ್ಪಾಯಿತು.

"ಗಾಡಿ ಚೆಂದಾಗಿ ಓಡ್ತದೆ, ಬ್ರೇಕ್ ಇಡೀತದೆ. ಮತ್ತೆ ದೀಪ ಯಾಕ್ಲಾ ಉರೀತದೆ?" ಕುಮಾರ್ ಕೀ ಗೊಂಚಲು ನನ್ನ ಮೂಗಿನ ಮುಂದೆ ಅಲ್ಲಾಡಿಸಿದ. "ಏನ್ ಕಿತ್ತೆ ಒಳಗೆ? ಯಾವ ಗ್ಯಾರೇಜಿನೋನ ತಾವ ಕಮಿಷನ್ ಮಾತಾಡ್ಕಂಡಿದ್ದೀಯ?"

"ನಾನ್ಯಾಕಣ್ಣ ಕೀಳ್ಲಿ? ಈ ಗಾಡೀಲಿ ದಿನಾ ಜೀವ ಇಟ್ಕಂಡು ಓಗೋನು ನಾನು."

ಕೌಂಟರಿನಲ್ಲಿದ್ದ ಜಯಲಕ್ಷ್ಮಮ್ಮನವರು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಇಬ್ರೂ ಚನ್ನರಾಯಪಟ್ಣಕ್ಕೋಗಿ ತೋರುಸ್ಕಂಡ್ ಬನ್ನಿ. ಮನೋಹರ ಕಿತ್ತಿದ್ದು ಅಂತಾದ್ರೆ ನಾಳೆಯಿಂದ ಬರೋದು ಬ್ಯಾಡ."

ನನ್ನ ಸೀಟಿನಲ್ಲಿ ಕುಮಾರ್ ಕೂತು ಓಡಿಸಿದ. ನಾನು ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡು ಲೆಕ್ಕ ಹಾಕುತ್ತಿದ್ದೆ. ಒಂದು ವಾರದಿಂದ ಇವನ ಗೆಳೆಯ ಭೀಮ ಲಾಡ್ಜಿನ ಮುಂದೆ ಟೀ ಕುಡಿಯುತ್ತ ನನ್ನ ಕಾರಿನ ಸುತ್ತ ಸುಳಿಯುತ್ತಿದ್ದ. ಅವನಿಗೂ ಲೈಸೆನ್ಸ್ ಇದೆ, ಕೆಲಸ ಇಲ್ಲ. ಅವನನ್ನು ತಂದು ಕೂರಿಸಲು ಇವರೇ ಏನೋ ಕಿತ್ತಿರಬೇಕು. ಈಗ ಕರೆದೊಯ್ಯುತ್ತಿರುವ ಗ್ಯಾರೇಜೂ ಇವನಿಗೆ ಬೇಕಾದವರದ್ದೇ.

ಗ್ಯಾರೇಜಿನ ನಾಗೇಶ್ ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದ. "ಮುಂದ್ಗಡೆ ಎಡಚಕ್ರದ ಸೆನ್ಸರ್ ಲೈನ್ ಕಟ್ ಆಗೈತೆ ಅಂತ ತೋರುಸ್ತದೆ ಕುಮಾರಣ್ಣ."

"ನೋಡ್ದಾ? ಕಟ್! ತಾನೇ ತಾನಾಗಿ ಕಟ್ ಆಯ್ತದಾ?"

ನಾಗೇಶ್ ಇನ್ನೊಂದು ಬಟನ್ ಒತ್ತಿದ. ದೀಪ ಆರಿತು. "ಎರರ್ ಒರೆಸಿದ್ದೀನಿ, ತಗಂಡೋಗಿ" ಎಂದು ಸ್ಕ್ಯಾನರಿನ ವೈರ್ ಸುತ್ತತೊಡಗಿದ. ಕುಮಾರ್ ಹತ್ತಲು ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಆಫ್ ಮಾಡಿ ಇನ್ನೊಂದ್ಸಲ ಆನ್ ಮಾಡಿ ನಾಗೇಶಣ್ಣ. ಒರೆಸ್ಬುಟ್ರೆ ರೋಗ ವಾಸಿ ಆಯ್ತದಾ?"

ಅವನು ಕೀ ತಿರುಗಿಸಿದ. ಎಲ್ಲ ದೀಪಗಳೂ ಆರಿದವು, ಎಬಿಎಸ್ ಮಾತ್ರ ಉಳಿಯಿತು. ನಾಗೇಶ್ ಮೊದಲ ಸಲ ನನ್ನ ಮುಖ ನೋಡಿದ. "ಉಡ್ಗಂಗೆ ಕೆಲ್ಸ ಗೊತ್ತೈತೆ."

"ಗೊತ್ತಿಲ್ದೆ ಏನು? ಕಟ್ ಮಾಡಿರೋನೇ ಅವ್ನು" ಎಂದ ಕುಮಾರ್. ಸುಮ್ಮನಿದ್ದರೂ ಕಳ್ಳ, ಬಾಯಿ ಬಿಟ್ಟರೂ ಕಳ್ಳ. ಕೈ ಎತ್ತಿಬಿಡುತ್ತೇನೋ ಎಂದು ಎರಡೂ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೆ.

ನಾಗೇಶ್ ಜಾಕ್ ಕೊಟ್ಟು ಎಡಚಕ್ರ ಬಿಚ್ಚಿದ, ಕರೆಂಟ್ ಅಳೆಯುವ ಮೀಟರ್ ಹಿಡಿದು ನೋಡಿದ. ಸೆನ್ಸರ್ ಸರಿ ಇತ್ತು. ಅಲ್ಲಿಂದ ಎಂಜಿನ್ ಕಡೆಗೆ ಹೋಗುವ ವೈರನ್ನು ಬೆರಳಲ್ಲೇ ಹಿಂಬಾಲಿಸುತ್ತ ಬಾನೆಟ್ ಎತ್ತಿಸಿದ. ವೈರ್ ಏರ್ ಫಿಲ್ಟರ್ ಡಬ್ಬದ ಕೆಳಗೆ ಮಾಯವಾಗಿತ್ತು. ಅವನು ಡಬ್ಬದ ಬೋಲ್ಟು ಬಿಚ್ಚುವಾಗ ನಾನು ಪಕ್ಕದಿಂದ ಬಗ್ಗಿ ನೋಡಿದೆ. ಕಟಿಂಗ್ ಪ್ಲೇಯರಿನಲ್ಲಿ ಚಕ್ಕನೆ ಕತ್ತರಿಸಿದ್ದರೆ ಅದು ಯಾರ ಕೈ ಎಂದು ಹೇಗೆ ತೋರಿಸುವುದು? ಇವನ ಮಾತು ನಡೆಯುತ್ತದೋ, ನನ್ನದೋ?

ಡಬ್ಬ ಎದ್ದಿತು. ಕೆಳಗೆ ಚೂರುಚೂರು ಪೇಪರಿನ ಗೂಡು, ಇಲಿಹಿಕ್ಕೆ. ಅದರ ಜೊತೆ ಕಡ್ಲೆಪುರಿ, ಹುರಿಗಡಲೆ, ಕುಂಕುಮ ಮೆತ್ತಿದ ಒಂದು ತೆಂಗಿನಕಾಯಿ ಚೂರು. ವೈರಿನ ತಾಮ್ರ ಹೊರಗೆ ಬಂದಿತ್ತು. ಸುತ್ತ ಸಣ್ಣ ಸಣ್ಣ ಹಲ್ಲಿನ ಗುರುತು.

ಆಯುಧಪೂಜೆಯ ದಿನ ಕಾರು ತೊಳೆದು ಹೂ ಕಟ್ಟಿದವನು ನಾನು. ಪೂಜೆಯ ಹೊತ್ತಿಗೆ ಕುಮಾರ್ ನನ್ನ ಕೈಯಿಂದ ತಟ್ಟೆ ಇಸಿದುಕೊಂಡು, "ನೀನು ಗೇಟ್ ತಾವ ನಿಂತ್ಕ, ಆಮ್ಯಾಕೆ ಪ್ರಸಾದ ಕೊಡ್ತೀವಿ" ಎಂದಿದ್ದ. ಬಾನೆಟ್ ತೆಗೆದು, ವರ್ಷವಿಡೀ ಅನ್ನ ಹಾಕುವುದು ಎಂಜಿನ್ನೇ ಎಂದು ಹೇಳಿ, ಅದರ ಮೇಲೆ ಎರಡು ಬೊಗಸೆ ಪುರಿ ಸುರಿದಿದ್ದು ಇವನೇ. ಗೇಟಿನ ಹತ್ತಿರದಿಂದಲೇ ನೋಡಿದ್ದೆ.

"ಅಬ್ಬ ಆದ್ಮ್ಯಾಕೆ ಇದು ನಾಕ್ನೇ ಗಾಡಿ ಕಣಣ್ಣ" ಎಂದು ನಾಗೇಶ್ ನಕ್ಕ. "ನೀವು ದ್ಯಾವ್ರಿಗೆ ಇಡ್ತೀರ, ಇಲಿ ಉಂಡ್ಕಂಡು ಓಯ್ತದೆ."

ನಾನು ಕಾದಿದ್ದು ಕಳ್ಳನಿಗೆ, ಸಿಕ್ಕಿದ್ದು ಭಕ್ತ. ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ. ನಾಗೇಶ್ ವೈರ್ ಬೆಸುಗೆ ಹಾಕಿ ಟೇಪು ಸುತ್ತಿದ. ಮತ್ತೆ ಒರೆಸಿ ಎರಡು ಕಿಲೋಮೀಟರ್ ಓಡಿಸಿ ನೋಡಿದ. ದೀಪ ಬರಲಿಲ್ಲ. ಅಷ್ಟರಲ್ಲಿ ಗೂಡಿನಲ್ಲಿದ್ದುದನ್ನೆಲ್ಲ ನಾನು ಪೇಪರಿನಲ್ಲಿ ಕಟ್ಟಿಕೊಂಡಿದ್ದೆ.

ದಾರಿಯಲ್ಲಿ ಕುಮಾರನ ದನಿ ಮೆತ್ತಗಾಯಿತು. "ಅಕ್ಕುಂಗೆ ಇಲಿ ಕಡ್ದಿತ್ತು ಅಂದ್ರೆ ಸಾಕು ಕಣ್ಲಾ. ಪೂಜೆ ಗೀಜೆ ಎಲ್ಲ ಯಾಕೆ?"

ನನಗೆ ಗೊತ್ತಿತ್ತು. ಬರೀ ಇಲಿ ಅಂದರೆ, ಇಲಿ ಇರೋ ಕಡೆ ಗಾಡಿ ನಿಲ್ಲಿಸಿದ್ದು ಯಾರು ಎಂದು ಮಾತು ತಿರುಗುತ್ತದೆ. ಸುತ್ತಿ ಬಂದು ನನ್ನ ತಲೆಗೇ.

ಲಾಡ್ಜಿನ ಕೌಂಟರಿನ ಮೇಲೆ ಪೇಪರ್ ಬಿಚ್ಚಿ, ನಾಗೇಶ್ ತೋರಿಸಿದ್ದನ್ನೆಲ್ಲ ಹೇಳಿದೆ. ಜಯಲಕ್ಷ್ಮಮ್ಮನವರು ಕುಂಕುಮದ ಕಾಯಿಚೂರನ್ನು ಪೆನ್ನಿನಿಂದ ಹೊರಳಿಸಿದರು. "ಎಂಜಿನ್ ಮ್ಯಾಲೆ ಪುರಿ ಸುರ್ದೋರು ಯಾರ್ಲಾ ಕುಮಾರ?"

"ಅದು ಶಾಸ್ತ್ರ ಅಲ್ವಾ ಅಕ್ಕ..."

"ಶಾಸ್ತ್ರ ಮಾಡ್ದೋನು ಎತ್ತಾಕ್ಬೇಕಿತ್ತು. ಕೀ ಕೊಡು ಅವುನ್ಗೆ." ನನ್ನ ಕಡೆ ತಿರುಗಿ, "ನೀನೂ ಒಂದ್ಸಲ ಬಾನೆಟ್ ಎತ್ತಿ ನೋಡ್ಬೇಕಿತ್ತು ಕಣ" ಎಂದರು. ಅಷ್ಟೇ. ತಪ್ಪಾಯಿತು ಎನ್ನಲಿಲ್ಲ.

ಕುಮಾರ್ ಕೀ ಎಸೆದ. ಅದು ಕೌಂಟರಿನ ಮೇಲೆ ಜಾರುತ್ತ ಬಂದು ಪುರಿಯ ಪಕ್ಕ ನಿಂತಿತು. ನಾನು ಮುಟ್ಟಲಿಲ್ಲ.

"ಕೈಗೆ ಕೊಡಿ ಅಣ್ಣ."

"ಅಲ್ಲೇ ಐತಲ್ಲೋ, ಎತ್ಕ."

"ಕೈಗೆ ಕೊಡಿ."

ಜಿನನಾಥಪುರದ ಬಸದಿಗೆ ಹೋಗಬೇಕಾದ ಯಾತ್ರಿಕರು ಬಾಗಿಲಲ್ಲಿ ಬಂದು ನಿಂತಿದ್ದರು. ಅಮ್ಮಾವ್ರು ತಮ್ಮನನ್ನೇ ನೋಡುತ್ತಿದ್ದರು. ಕುಮಾರ್ ಕೀ ಎತ್ತಿಕೊಂಡ. ನಾನು ಅಂಗೈ ಚಾಚಿದೆ. ಮೇಲಿನಿಂದ ಬೀಳಿಸಲು ಹೊರಟವನು ನನ್ನ ಕಣ್ಣು ನೋಡಿ ಕೈ ಕೆಳಗಿಳಿಸಿದ, ಕೀಯನ್ನು ಅಂಗೈಯಲ್ಲಿ ಒತ್ತಿ ಇಟ್ಟ.