‘ಇಲ್ಲ’ ಅನ್ನಬಾರದ ಕುರ್ಚಿ

“ಲೇ, ಗಿಣಿ ಥರ ಅದನ್ನೇ ಒದರ್ತೀಯಲ್ಲೇ, ನಿನ್ನ ಬಾಯಿಗೆ ಮಣ್ಣು ಹಾಕ! ದುಡ್ಡು ಬರುತ್ತೋ ಬರಲ್ವೋ, ಒಂದು ಮಾತು ಬೊಗಳೇ!”

“ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ, ಸರ್. ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ.”

“ನಿಮ್ಮಪ್ಪನ ತಲೆ ಪರಿಶೀಲನೆ!”

ಕರೆ ಕಡಿಯಿತು. ಕಡಿಯುವ ಹಕ್ಕು ಗ್ರಾಹಕನದು. ಬೈಸಿಕೊಳ್ಳುವ ಕುರ್ಚಿ ಅವಳದು. ಬೈದವನಿಗೆ ತಿಳಿದಿರಲಿಲ್ಲ, ವಿಮಾ ಕಂಪನಿಯ ಆ ಮಹಡಿಯಲ್ಲಿ ಅವಳ ಹೆಸರೇ ಗಿಣಿ ಎಂದು. ಬರೆದುಕೊಟ್ಟ ಮಾತನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾಳೆಂದು ಮೇಲ್ವಿಚಾರಕನೇ ಇಟ್ಟ ಹೆಸರು. ಎಲ್ಲರ ಕರೆಗಳನ್ನೂ ಕದ್ದು ಕೇಳುವ ಅವನಿಗೆ ಅಲ್ಲಿ ದುಡಿಯುವವರೆಲ್ಲ ಇಟ್ಟ ಹೆಸರು ಕಿವಿ.

ಆ ಮಹಡಿಯಲ್ಲಿ ‘ಇಲ್ಲ’ ಎನ್ನುವಂತಿರಲಿಲ್ಲ. ಅದರ ದಾಯಾದಿಗಳಾದ ‘ಬರಲ್ಲ’, ‘ಆಗಲ್ಲ’, ‘ತಿರಸ್ಕಾರ’ಗಳಿಗೂ ಪ್ರವೇಶವಿರಲಿಲ್ಲ. ಯಾರಾದರೂ ಬಾಯಿ ಜಾರಿದರೆ ಯಂತ್ರ ಅದನ್ನು ಹಿಡಿದು ಕಿವಿಯ ಮೇಜಿನ ಮೇಲೆ ಕೆಂಪು ದೀಪ ಹೊತ್ತಿಸುತ್ತಿತ್ತು. ತಿಂಗಳಿಗೆ ಮೂರು ದೀಪವಾದರೆ ಕೆಲಸ ಹೋಯಿತು. ಯಂತ್ರಕ್ಕೆ ಕಿವಿ ಚುರುಕು, ಬುದ್ಧಿ ಮಂದ. “ಇಲ್ಲಿ ಸಹಿ ಮಾಡಿ” ಎಂದರೂ ದೀಪ ಉರಿಯುತ್ತಿತ್ತು. ಹಾಗಾಗಿ ‘ಇಲ್ಲಿ’ಯನ್ನೂ ನುಂಗಿ, “ಈ ಜಾಗದಲ್ಲಿ” ಎನ್ನುವುದನ್ನು ಎಲ್ಲರೂ ರೂಢಿಸಿಕೊಂಡಿದ್ದರು. ಮನೆಯಲ್ಲಿ ಮಗಳು ಹಾಲು ಕೇಳಿದರೂ ಗಿಣಿಯ ಬಾಯಲ್ಲಿ “ಪರಿಶೀಲನೆಯಲ್ಲಿದೆ ಪುಟ್ಟಾ” ಎಂದು ಬಂದುಬಿಡುತ್ತಿತ್ತು. ಈ ತಿಂಗಳು ಅವಳ ಲೆಕ್ಕಕ್ಕೆ ಆಗಲೇ ಎರಡು ದೀಪ. ಆ ಮನೆಗೆ ಇದ್ದದ್ದು ಅವಳೊಬ್ಬಳ ಸಂಬಳ.

ನಾಲ್ಕೂವರೆಗೆ ಮತ್ತೆ ಗಂಟೆ ಕೂಗಿತು.

“ತಾಯೀ, ನಾನು, ಇಸ್ತ್ರಿಯವಳು.”

ಗಿಣಿಯ ಬೆನ್ನು ನೆಟ್ಟಗಾಯಿತು. ಇಸ್ತ್ರಿಯಮ್ಮನನ್ನು ಅರಿಯದವರು ಆ ಮಹಡಿಯಲ್ಲಿರಲಿಲ್ಲ. ಗಂಡ ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅಂದಿನಿಂದ ಅವಳು ದಿನಕ್ಕೊಮ್ಮೆ ಕರೆ ಮಾಡುತ್ತಿದ್ದಳು. ದಿನಕ್ಕೊಬ್ಬರು ಅವಳಿಗೆ ಅದೇ ಸಿಹಿ ಉಣಿಸುತ್ತಿದ್ದರು. ಅರ್ಜಿ ಒಂದು ದಿನ ತಡವಾಯಿತೆಂದು ಕಂಪನಿ ಅದನ್ನು ತಳ್ಳಿಹಾಕಿ ಎರಡು ತಿಂಗಳಾಗಿತ್ತು. ಮೇಲ್ಮನವಿಗೆ ಅರವತ್ತು ದಿನ. ಪರದೆಯ ಮೂಲೆಯ ಸಣ್ಣಕ್ಷರ ಹೇಳುತ್ತಿತ್ತು: ಕೊನೆಯ ದಿನ, ಇಂದು, ಸಂಜೆ ಐದು.

ಪಕ್ಕದ ಕುರ್ಚಿಯ ಹಿರಿಯಳು, ಎಲ್ಲರೂ ಅತ್ತಿಗೆ ಎಂದು ಕರೆಯುವವಳು, ಆ ಪರದೆಯತ್ತ ಇಣುಕಿ ಪಿಸುಗುಟ್ಟಿದಳು: “ಎರಡು ದೀಪ ಆಗಿದೆ ಕಣೇ. ಬಾಯಿಗೆ ಹೊಲಿಗೆ ಹಾಕ್ಕೋ.”

ಗಿಣಿ ಬಳಸುದಾರಿ ಹಿಡಿದಳು. “ಅಮ್ಮಾ, ಹಣ ಬರುವ ಸಾಧ್ಯತೆ ಕಡಿಮೆ.”

“ಕಡಿಮೆನಾ? ಕಡಿಮೆ ಆದ್ರೂ ಬರ್ಲಿ ಬಿಡು ತಾಯಿ. ಬಂದಷ್ಟು ಬಂತು.”

“ನಾನು ಹೇಳಿದ್ದೇ ಬೇರೆ... ನೀವು ಐದರೊಳಗೆ ಶಾಖೆಗೆ ಹೋಗಿ ಒಂದು ಮನವಿ ಕೊಡಬಹುದು.”

“ಅಯ್ಯೋ, ಪರಿಶೀಲನೇಲಿದೆ ಅಂತ ನೀವೇ ಹೇಳಿದೀರಿ. ಮಧ್ಯೆ ಹೋಗಿ ಪೀಡಿಸಿದ್ರೆ ಸಾಹೇಬ್ರು ಸಿಟ್ಟಾಗಲ್ವಾ? ಕಾಯ್ತೀನಿ. ನೀವೆಲ್ಲ ಎಷ್ಟು ಒಳ್ಳೆಯವರು! ಒಬ್ಬರೂ ಒಂದಿನಾನೂ ಇಲ್ಲ ಅಂದಿಲ್ಲ.”

ಗಿಣಿ ಕಿವಿಯ ಮೇಜಿನತ್ತ ಒಮ್ಮೆ ನೋಡಿದಳು.

“ಇಲ್ಲ,” ಎಂದಳು. “ಇಲ್ಲಮ್ಮಾ. ಹಣ ಬರಲ್ಲ. ಎರಡು ತಿಂಗಳ ಹಿಂದೇನೇ ಇಲ್ಲ ಅಂದಿದಾರೆ. ಎದ್ದು ಶಾಖೆಗೆ ಓಡಿ, ಐದರೊಳಗೆ ಮೇಲ್—”

ಕರೆ ಸತ್ತಿತು. ಈ ಬಾರಿ ಕಡಿದವನು ಗ್ರಾಹಕನಲ್ಲ.

ಕಿವಿ ಓಡಿಬಂದಿದ್ದ. ಬೈಯಲಿಲ್ಲ, ಅದೇ ಅವಳನ್ನು ಹೆದರಿಸಿತು. ಬಾಗಿ, ದನಿ ತಗ್ಗಿಸಿ ಕೇಳಿದ: “ಇಲ್ಲಿ ಅಂದ್ಯಾ, ಇಲ್ಲ ಅಂದ್ಯಾ?”

ಅವಳು ಬಾಯಿ ತೆರೆಯುವ ಮೊದಲೇ ಅವನೇ ಮುಂದುವರಿಸಿದ:

“ಇಲ್ಲಿ ಅಂದೆ ಅನ್ನು, ಹಾಗೇ ಬರ್ದುಬಿಡ್ತೀನಿ. ಆರು ವರ್ಷ ನಾನೂ ಇದೇ ಕುರ್ಚೀಲಿ ಬೈಸ್ಕೊಂಡಿದೀನಿ. ನಿನ್ನ ದೀಪ ನನ್ನ ತಲೆಗೂ ಬರುತ್ತೆ ಕಣೇ, ಮುಂಡೇದೇ! ಆಯಮ್ಮಂಗೆ ಫೋನ್ ಹಚ್ತೀನಿ. ತಪ್ಪಾಯ್ತು, ಪರಿಶೀಲನೆಯಲ್ಲಿದೆ ಅನ್ನು. ಅಷ್ಟೇ.”

ಅವನೇ ಸಂಖ್ಯೆ ಒತ್ತಿದ. ಇನ್ನೊಂದು ಹೆಡ್‌ಫೋನ್ ತಾನು ಹಾಕಿಕೊಂಡ. ಗಂಟೆ ಆರು ಸಲ, ಏಳು ಸಲ ಬಡಿಯಿತು. ಎಂಟನೆಯದಕ್ಕೆ ಆ ಬದಿಯಿಂದ ಬಂದದ್ದು ಮಾತಲ್ಲ, ಏದುಸಿರು; ಹಿಂದೆ ವಾಹನಗಳ ಸದ್ದು, ಚಪ್ಪಲಿಯ ಪಟಪಟ.

“ಓಡ್ತಾ ಇದೀನಿ ತಾಯಿ! ಮೇಲೆ... ಮೇಲೇನೋ ಅಂದ್ಯಲ್ಲ, ಏನದು? ಹೋಗಿ ಏನಂತ ಕೇಳ್ಲಿ?”

‘ನಿಲ್ಸು,’ ಎಂದು ಕಿವಿ ಸನ್ನೆ ಮಾಡಿದ. ಅವನ ಹಣೆಯಲ್ಲಿ ಬೆವರೊಡೆದಿತ್ತು.

“ಮೇಲ್ಮನವಿ,” ಎಂದಳು ಗಿಣಿ, ಮಗಳಿಗೆ ಅಕ್ಷರ ಕಲಿಸುವಂತೆ. “ಮೇಲ್, ಮನವಿ. ಬರ್ಕೊಡಿ, ಮೊಹರು ಒತ್ತಿಸ್ಕೊಂಡೇ ಬನ್ನಿ. ನಿಲ್ಲಬೇಡಿ, ಓಡಿ.” ಬಳಿಕ ಕಿವಿಯತ್ತ ತಿರುಗಿ, “ಇಲ್ಲಿ ಅಲ್ಲ ಸಾರ್, ಇಲ್ಲ ಅಂದಿದ್ದು. ಹಾಗೇ ಬರ್ಕೊಳಿ,” ಎಂದು ತನ್ನ ಹೆಡ್‌ಫೋನ್ ಕಳಚಿಟ್ಟಳು. ಕೂದಲು ಅದಕ್ಕೇ ಸಿಕ್ಕಿಕೊಂಡು ಎರಡೆಳೆ ಕಿತ್ತುಬಂದವು.

ಹೊರಹೋಗಲು ಎರಡು ಗಾಜಿನ ಬಾಗಿಲು. ಮೊದಲನೆಯದು ತೆರೆದು, ಬೆನ್ನ ಹಿಂದೆ ಮುಚ್ಚಿಕೊಂಡಿತು. ಎರಡನೆಯದಕ್ಕೆ ತನ್ನ ಗುರುತಿನ ಕಾರ್ಡು ಹಿಡಿದಳು, ಅದನ್ನು ಆಗಲೇ ರದ್ದುಮಾಡಿದ್ದರು. ಹಿಂದಿನದಕ್ಕೂ ಹಿಡಿದು ನೋಡಿದಳು, ಅದೂ ತೆರೆಯಲಿಲ್ಲ.

ಹೊರಗಿನ ಕಾವಲುಗಾರ ಗಾಜಿಗೆ ಬಾಯಿ ಹಚ್ಚಿ ಕೂಗಿದ: “ಮೇಲಿಂದ ಹೇಳೋವರೆಗೂ ತೆಗೆಯೋ ಹಾಗಿಲ್ಲ ಕಣಮ್ಮ!”

ಇಲ್ಲ. ಎಷ್ಟು ಸಲೀಸಾಗಿ ಅಂದುಬಿಟ್ಟ! ಅವಳಿಗೆ ನಗು ಬಂತು. ಬಂದದ್ದು ಅರ್ಧಕ್ಕೇ ನಿಂತಿತು.

ಒಳಗಿನ ಗಡಿಯಾರದಲ್ಲಿ ಐದಕ್ಕೆ ಹನ್ನೊಂದು ನಿಮಿಷ. ಇಸ್ತ್ರಿಯಮ್ಮ ಎಲ್ಲಿದ್ದಾಳೋ. ಗಾಜಿನಾಚೆ ಕಿವಿ ಅವಳ ಕುರ್ಚಿಯ ಬಳಿ ಬಾಗಿ ಏನನ್ನೋ ಬರೆದುಕೊಳ್ಳುತ್ತಿದ್ದ. ಅವನ ಬೆನ್ನ ಹಿಂದೆ, ಮೇಜಿನ ಮೇಲೆ, ಆರಿದ್ದ ಕೆಂಪು ದೀಪ ಮತ್ತೆ ಹೊತ್ತಿಕೊಂಡಿತು. ಅತ್ತಿಗೆ ಯಾರೊಡನೆಯೋ ಮಾತಾಡುತ್ತಿದ್ದಳು; ದೃಷ್ಟಿ ನೇರ ಗಾಜಿನತ್ತ. ಸದ್ದು ಈಚೆ ದಾಟದು. ತುಟಿ ಮಾತ್ರ ಕಾಣುತ್ತಿತ್ತು.

‘ಇಲ್ಲಿ’ ಎಂದಳೋ, ‘ಇಲ್ಲ’ ಎಂದಳೋ.

ಎರಡು ಬಾಗಿಲುಗಳ ನಡುವೆ ನಿಂತು ಗಿಣಿ ಆ ತುಟಿಗಳನ್ನೇ ನೋಡಿದಳು.